ನಡುವಿನವರನ್ನು ತೆಗೆದರೆ ಬಾಟಲಿ ಅಗ್ಗವಾಗುತ್ತದೆಯೇ?

(ಒಂದು ಸಂಜೆ ಆಡಿದ ಮಾತಿನ ಬರಹ ರೂಪ ಇದು. ಮಾತಿನ ಭರದಲ್ಲಿ ಎರಡೆರಡು ಸಲ ಹೇಳಿದ್ದನ್ನು ತೆಗೆದಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಮೂರನ್ನು ಉಳಿಸಿಕೊಂಡಿದ್ದೇನೆ.)

ನಮಸ್ಕಾರ. ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾನು ವೈನ್ ರುಚಿ ನೋಡಿ ಅಂಕ ಕೊಡುವವನಲ್ಲ. ಗ್ಲಾಸು ಅಲ್ಲಾಡಿಸಿ, ಮೂಗನ್ನು ಒಳಗಿಟ್ಟು, "ಇದರಲ್ಲಿ ಒದ್ದೆ ಕಲ್ಲಿನ ವಾಸನೆ ಇದೆ" ಅನ್ನುವಷ್ಟು ಧೈರ್ಯ ನನಗಿಲ್ಲ. ನಾನು ಲೆಕ್ಕ ಬರೆಯುವ ಮನುಷ್ಯ. ಬಾಟಲಿ ಕಂಡರೆ ನನಗೆ ಬರುವ ಮೊದಲ ಯೋಚನೆ, ಇದರ ಬೆಲೆಯಲ್ಲಿ ಯಾರ ಪಾಲು ಎಷ್ಟು ಅನ್ನುವುದು. ಕೆಟ್ಟ ಅಭ್ಯಾಸ. ಆದರೆ ಇವತ್ತಿನ ವಿಷಯಕ್ಕೆ ಅದೇ ಬೇಕಾಗಿರುವುದು.

ವಿಷಯ ಇಷ್ಟು. ಒಂದು ಕುಟುಂಬ ಇದೆ. ನಾಲ್ಕೈದು ಹೆಕ್ಟೇರ್ ದ್ರಾಕ್ಷಿ ತೋಟ ಇದೆ. ಶಾರ್ಡೊನೆ ಅನ್ನುವ ಬಿಳಿ ವೈನಿನ ದ್ರಾಕ್ಷಿ ಬೆಳೆಯುತ್ತಾರೆ, ತಾವೇ ವೈನ್ ಮಾಡುತ್ತಾರೆ, ತಾವೇ ಕುಡಿಯುವವರ ಕೈಗೆ ಮಾರುತ್ತಾರೆ. ಬೆಲೆ ಸಾಮಾನ್ಯ ಜನ ಕೊಳ್ಳುವಂತಿದೆ. ಇದು ಹೇಗೆ ಸಾಧ್ಯ ಅಂತ ಕೇಳಿದರೆ ಎಲ್ಲರೂ ಕೊಡುವ ಉತ್ತರ ಒಂದೇ: "ನಡುವೆ ದಲ್ಲಾಳಿಗಳಿಲ್ಲ ಅಲ್ವಾ, ಅದಕ್ಕೇ ಅಗ್ಗ." ಈ ಉತ್ತರ ಅರ್ಧ ಸರಿ. ಉಳಿದರ್ಧ ಏನು ಅಂತ ಹುಡುಕುವುದೇ ಇವತ್ತಿನ ಕೆಲಸ.

ಮೊದಲು ಈ ದ್ರಾಕ್ಷಿಯ ಬಗ್ಗೆ ಎರಡು ಮಾತು. ಫ್ರಾನ್ಸಿನ ಬರ್ಗಂಡಿಯ ದಕ್ಷಿಣ ಭಾಗದಲ್ಲಿ, ಮಾಕೋನ್ ಪಟ್ಟಣದ ಕಡೆ, ಶಾರ್ಡೊನೆ ಅನ್ನುವ ಹೆಸರಿನ ಹಳ್ಳಿಯೇ ಇದೆ. ಹೆಸರು ಕೇಳಿದರೆ ದೊಡ್ಡ ಮನೆತನದ್ದು ಅನ್ನಿಸುತ್ತದೆ. ನಿಜದಲ್ಲಿ ಹಾಗಿಲ್ಲ. 1999ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದ ಕ್ಯಾರೊಲ್ ಮೆರೆಡಿತ್ ಮತ್ತು ಜೊತೆಗಾರರು ಡಿಎನ್‌ಎ ಪರೀಕ್ಷೆಯಿಂದ ಇದರ ಹೆತ್ತವರನ್ನು ಪತ್ತೆಹಚ್ಚಿದರು. ಒಂದು ಕಡೆ ಪಿನೊ, ಅದು ಹೆಸರುವಾಸಿ ಜಾತಿ. ಇನ್ನೊಂದು ಕಡೆ ಗುವೆ ಬ್ಲಾಂ. ಈ ಗುವೆ ಬಡ ರೈತರು ಬೆಳೆಯುತ್ತಿದ್ದ ದ್ರಾಕ್ಷಿ. ದೊಡ್ಡವರು ಅದನ್ನು ಕೀಳಾಗಿ ನೋಡುತ್ತಿದ್ದರು, ತೋಟದಿಂದ ಕಿತ್ತುಹಾಕಿಸಲು ನೋಡಿದವರೂ ಉಂಟು. ಅಂದರೆ ಇವತ್ತು ಹರಾಜಿನಲ್ಲಿ ಲಕ್ಷಗಟ್ಟಲೆಗೆ ಹೋಗುವ ಬರ್ಗಂಡಿಯ ಬಿಳಿ ವೈನಿನ ಮೈಯಲ್ಲಿ ಅರ್ಧ ರಕ್ತ ಬಡವರ ತೋಟದ್ದು. ಅಗ್ಗದ ಶಾರ್ಡೊನೆ ಕುಡಿಯಲು ಯಾರಿಗಾದರೂ ಸಂಕೋಚವಾದರೆ ಇದನ್ನು ನೆನಪಿಸಿಕೊಳ್ಳಿ.

ಶಾರ್ಡೊನೆಗೆ ಇನ್ನೊಂದು ಗುಣ ಇದೆ. ಲೆಕ್ಕದವನಿಗೆ ಬಹಳ ಇಷ್ಟವಾಗುವ ಗುಣ ಅದು. ಈ ದ್ರಾಕ್ಷಿಗೆ ತನ್ನದೇ ಆದ ಘಮ ಕಡಿಮೆ. ಮಸ್ಕಟ್ ದ್ರಾಕ್ಷಿ ಹಿಂಡಿದರೆ ಕೋಣೆಯೆಲ್ಲ ಘಮಘಮ ಅನ್ನುತ್ತದೆ. ಶಾರ್ಡೊನೆ ಹಾಗಲ್ಲ, ಸುಮ್ನೆ ಇರುತ್ತದೆ. ನಾವು ಶಾರ್ಡೊನೆಯ ರುಚಿ ಅಂದುಕೊಳ್ಳುವುದರಲ್ಲಿ ಮುಕ್ಕಾಲು ಪಾಲು ಮಾಡಿದವನ ಕೈಯದು. ಬೆಣ್ಣೆಯ ಘಮ, ವೆನಿಲಾ, ಹುರಿದ ಬಾದಾಮಿ, ಇವು ಯಾವುವೂ ಬಳ್ಳಿಯಿಂದ ಬಂದದ್ದಲ್ಲ. ವೆನಿಲಾ ಬರುವುದು ಓಕ್ ಮರದ ಪೀಪಾಯಿಯಿಂದ. ಬೆಣ್ಣೆ ಬರುವುದು ಬ್ಯಾಕ್ಟೀರಿಯಾದಿಂದ. ಯೀಸ್ಟ್ ರಸದ ಸಕ್ಕರೆಯನ್ನು ಆಲ್ಕೋಹಾಲ್ ಮಾಡಿ ಮುಗಿಸಿದ ಮೇಲೆ ಈ ಬ್ಯಾಕ್ಟೀರಿಯಾ ಬಂದು ಚುರುಕು ಹುಳಿಯಾದ ಮ್ಯಾಲಿಕ್ ಆಮ್ಲವನ್ನು ಮೆದು ಹುಳಿಯಾದ ಲ್ಯಾಕ್ಟಿಕ್ ಆಮ್ಲವಾಗಿ ಮಾಡುತ್ತದೆ. ಆ ದಾರಿಯಲ್ಲಿ ಡೈಅಸಿಟೈಲ್ ಅನ್ನುವ ವಸ್ತು ಹುಟ್ಟುತ್ತದೆ. ನಿಜವಾದ ಬೆಣ್ಣೆಯ ಘಮದಲ್ಲಿರುವುದೂ ಅದೇ.

ಇದರ ಅರ್ಥ ಏನು? ಶಾರ್ಡೊನೆಯಲ್ಲಿ ಖರ್ಚಿನ ದೊಡ್ಡ ಭಾಗ ನಾವು ಬೇಕು ಅಂದರೆ ಉಂಟು, ಬೇಡ ಅಂದರೆ ಇಲ್ಲ. ಅದು ತೋಟದಲ್ಲಿ ತೀರ್ಮಾನ ಆಗುವುದಲ್ಲ, ನೆಲಮಾಳಿಗೆಯಲ್ಲಿ ಆಗುವುದು.

ಪೀಪಾಯಿಯ ಲೆಕ್ಕ ನೋಡಿ. ಬರ್ಗಂಡಿಯ ಪೀಪಾಯಿ 228 ಲೀಟರಿನದು. ಬಾಟಲಿ ಮುಕ್ಕಾಲು ಲೀಟರಿನದು. ಅಂದರೆ ಒಂದು ಪೀಪಾಯಿಗೆ ಸುಮಾರು 300 ಬಾಟಲಿ. ಹೊಸ ಫ್ರೆಂಚ್ ಓಕ್ ಪೀಪಾಯಿಗೆ 900 ಯೂರೋ ಅಂತ ಇಟ್ಟುಕೊಳ್ಳಿ. ಬಾಟಲಿಗೆ 3 ಯೂರೋ ಮರಕ್ಕೇ ಹೋಯಿತು. "ಪೀಪಾಯಿಯನ್ನು ಮತ್ತೆ ಬಳಸಬಹುದಲ್ಲ" ಅನ್ನುತ್ತೀರಿ. ಬಳಸಬಹುದು. ಆದರೆ ಮೂರು ನಾಲ್ಕು ಸಲ ತುಂಬಿದ ಮೇಲೆ ಮರ ಕೊಡುವುದನ್ನೆಲ್ಲ ಕೊಟ್ಟು ಮುಗಿಸಿರುತ್ತದೆ. ಆಮೇಲೆ ಅದು ಬರೀ ಪಾತ್ರೆ. ಜೊತೆಗೆ ಮರ ಉಸಿರಾಡುತ್ತದೆ, ವೈನ್ ಆವಿಯಾಗಿ ಹೋಗುತ್ತಲೇ ಇರುತ್ತದೆ. ಕಡಿಮೆಯಾದಷ್ಟು ಮತ್ತೆ ತುಂಬಬೇಕು. ಹಾಗೆ ತುಂಬುವುದೂ ಮಾರಬಹುದಾಗಿದ್ದ ವೈನೇ.

ಸ್ಟೀಲ್ ಟ್ಯಾಂಕಿನ ಲೆಕ್ಕ ಬೇರೆ. ಒಮ್ಮೆ ಕೊಂಡರೆ ದಶಕಗಟ್ಟಲೆ ಬರುತ್ತದೆ. ತೊಳೆಯುವುದು ಸುಲಭ. ಹೊರಗೆ ತಂಪು ನೀರಿನ ಕವಚ ಇರುತ್ತದೆ, ರಸ 12ರಿಂದ 16 ಡಿಗ್ರಿಯಲ್ಲಿ ನಿಧಾನವಾಗಿ ಹುದುಗುತ್ತದೆ. ಸೇಬು, ನಿಂಬೆ, ಪೇರು, ಇಂಥ ಹಣ್ಣಿನ ರುಚಿ ಹಾರಿಹೋಗದೆ ಉಳಿಯುತ್ತದೆ.

ಲೆಕ್ಕ ಬರೆಯುವವನ ಕಣ್ಣಿಗೆ ಮಾತ್ರ ಕಾಣುವ ಇನ್ನೊಂದು ಉಳಿತಾಯ ಇದೆ. ಅದು ಕಾಲ. ಟ್ಯಾಂಕಿನ ಶಾರ್ಡೊನೆ ಕೊಯ್ಲಾದ ಆರೇಳು ತಿಂಗಳಿಗೆ ಬಾಟಲಿಗೆ ಬರುತ್ತದೆ. ಪೀಪಾಯಿಯದು ವರ್ಷ, ಒಂದೂವರೆ ವರ್ಷ ಕೂರುತ್ತದೆ. ಅಷ್ಟು ದಿನ ಆ ಕುಟುಂಬದ ದುಡ್ಡು ಮರದೊಳಗೆ ಮಲಗಿರುತ್ತದೆ. ಬಡ್ಡಿ ಮಾತ್ರ ಮಲಗುವುದಿಲ್ಲ. ಮುಂದಿನ ಕೊಯ್ಲು ಬಂದಾಗ ಹಳೆಯ ವೈನ್ ಇನ್ನೂ ಜಾಗ ಹಿಡಿದುಕೊಂಡಿದ್ದರೆ ಹೊಸ ಪೀಪಾಯಿ ಬೇಕು, ಹೊಸ ಜಾಗ ಬೇಕು. ಸಣ್ಣ ತೋಟದವರು ಟ್ಯಾಂಕಿನ ಕಡೆಗೆ ಒಲಿಯುವುದು ರುಚಿಯ ಸಿದ್ಧಾಂತದಿಂದ ಅಂತ ಹೇಳಿಕೊಳ್ಳುತ್ತಾರೆ. ಎಷ್ಟೋ ಸಲ ಅದು ಬ್ಯಾಂಕಿನ ಸಿದ್ಧಾಂತ.

ನಡುವಿನ ದಾರಿಯೂ ಇದೆ. ಸ್ಟೀಲ್ ಟ್ಯಾಂಕಿನೊಳಗೆ ಓಕ್ ಮರದ ಹಲಗೆ ಇಳಿಸುವುದು, ಇಲ್ಲವೇ ಮರದ ಚೂರುಗಳನ್ನು ಚೀಲದಲ್ಲಿ ಕಟ್ಟಿ ನೆನೆಹಾಕುವುದು. ಯುರೋಪಿನಲ್ಲಿ ಇದಕ್ಕೆ 2006ರವರೆಗೂ ಒಪ್ಪಿಗೆ ಇರಲಿಲ್ಲ, ಆಮೇಲೆ ಬಿಟ್ಟರು. ಇದನ್ನು ಮೋಸ ಅನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಆದರೆ ಪೀಪಾಯಿಯಲ್ಲಿ ಇಟ್ಟದ್ದು ಅಂತ ಹೇಳಿ ಮಾರಿದರೆ ಅದು ಮೋಸವೇ. ನನಗೆ ಕೇಳಿದರೆ, ಮರ ಕೊಳ್ಳಲು ಆಗದಿದ್ದರೆ ಮರವೇ ಬೇಡ. ಗಸಿಯ ಮೇಲೆ ನಾಲ್ಕು ತಿಂಗಳು ಬಿಟ್ಟು ಆಗಾಗ ಕದಡಿದರೆ ಸಾಕು. ಸತ್ತ ಯೀಸ್ಟ್ ಕೂತಿರುವ ಈ ಗಸಿಯೇ ವೈನಿಗೆ ಮೈ ಕೊಡುತ್ತದೆ. ಖರ್ಚು ಅಂದರೆ ಒಂದು ಕೋಲು, ಒಬ್ಬ ಮನುಷ್ಯನ ತೋಳು.

1990ರ ದಶಕದಲ್ಲಿ ಬೆಣ್ಣೆ ಮತ್ತು ಓಕ್ ತುಂಬಿದ ಶಾರ್ಡೊನೆ ಎಷ್ಟು ಬಂತೆಂದರೆ ಜನ ಬೇಸತ್ತು "ಶಾರ್ಡೊನೆ ಒಂದು ಬಿಟ್ಟು ಏನಾದರೂ ಕೊಡಿ" ಅನ್ನತೊಡಗಿದರು. ಮರ ಮುಟ್ಟದ ಶಾರ್ಡೊನೆಗೆ ಆಮೇಲೆ ಮರ್ಯಾದೆ ಬಂತು. ಸಣ್ಣ ತೋಟದವರಿಗೆ ಇದು ಅದೃಷ್ಟ. ಅವರ ಕೈಗೆಟುಕುವ ವಿಧಾನವೇ ಜನರಿಗೆ ಇಷ್ಟವಾಗತೊಡಗಿತು.

ಇನ್ನು ತೋಟ. ಇಲ್ಲಿ ಉಳಿಸಲು ಜಾಸ್ತಿ ಜಾಗ ಇಲ್ಲ. ನೆಟ್ಟ ಬಳ್ಳಿ ಮೂರನೇ ವರ್ಷದವರೆಗೆ ಹೇಳಿಕೊಳ್ಳುವಂಥ ಫಸಲು ಕೊಡುವುದಿಲ್ಲ. ಬೇರನ್ನು ತಿನ್ನುವ ಫಿಲಾಕ್ಸೆರಾ ಹೇನು 1860ರ ದಶಕದಿಂದ ಯುರೋಪಿನ ತೋಟಗಳನ್ನು ನುಂಗಿಹಾಕಿದ ಮೇಲೆ ಜಗತ್ತಿನ ಹೆಚ್ಚಿನ ಕಡೆ ಅಮೆರಿಕದ ಬೇರಿಗೆ ಕಸಿ ಮಾಡಿಯೇ ನೆಡಬೇಕು. ಅದೂ ಖರ್ಚು. ಚಾಟ್ನಿ, ಅಂದರೆ ಬಳ್ಳಿ ಸವರುವ ಕೆಲಸ, ಕೈಯಿಂದಲೇ ಆಗಬೇಕು. ಶಾರ್ಡೊನೆಗೆ ಇನ್ನೊಂದು ಚಟ, ಅದು ಬೇಗ ಚಿಗುರುತ್ತದೆ. ಚಳಿಗಾಲ ಇನ್ನೂ ಬಾಗಿಲಲ್ಲೇ ನಿಂತಿರುತ್ತದೆ, ಇದು ಕಣ್ಣುಬಿಟ್ಟು ಕೂತಿರುತ್ತದೆ. ಒಂದೇ ರಾತ್ರಿಯ ಕೊರೆಯುವ ಚಳಿಗೆ ಚಿಗುರು ಸುಟ್ಟುಹೋಗುತ್ತದೆ. ಬರ್ಗಂಡಿಯ ಉತ್ತರದ ತುದಿಯ ಶಾಬ್ಲಿಯಲ್ಲಿ ಏಪ್ರಿಲ್ ರಾತ್ರಿಗಳಲ್ಲಿ ಸಾಲುಗಳ ನಡುವೆ ನೂರಾರು ಮೇಣದ ಡಬ್ಬಿಗಳನ್ನು ಹಚ್ಚಿಡುತ್ತಾರೆ. ಫೋಟೋದಲ್ಲಿ ನೋಡಿದರೆ ದೀಪೋತ್ಸವದ ಹಾಗೆ ಕಾಣುತ್ತದೆ, ಹಚ್ಚಿದವರಿಗೆ ಅದು ಹಬ್ಬವಲ್ಲ. ಕೆಲವರು ಚಿಗುರಿನ ಮೇಲೆ ನೀರು ಚಿಮ್ಮಿಸುತ್ತಾರೆ. ನೀರು ಮಂಜುಗಡ್ಡೆಯಾಗುವಾಗ ಬಿಡುವ ಬಿಸಿಯೇ ಒಳಗಿನ ಚಿಗುರನ್ನು ಸೊನ್ನೆ ಡಿಗ್ರಿಯ ಆಸುಪಾಸಿನಲ್ಲಿ ಕಾಯುತ್ತದೆ. ಬೆಳಗಾಗಿ ಕರಗುವವರೆಗೆ ನೀರು ನಿಲ್ಲುವಂತಿಲ್ಲ. ಪಂಪು ಕೆಟ್ಟರೆ ಏನೂ ಮಾಡದಿದ್ದುದಕ್ಕಿಂತ ಕೆಡುಕು. 2021ರ ಏಪ್ರಿಲ್‌ನಲ್ಲಿ ಫ್ರಾನ್ಸಿನ ತೋಟಗಳಿಗೆ ಇಂಥ ರಾತ್ರಿಗಳು ಸಾಲಾಗಿ ಬಂದವು. ಎಷ್ಟೋ ಕುಟುಂಬಗಳಿಗೆ ಆ ವರ್ಷ ಮಾರಲು ವೈನೇ ಇರಲಿಲ್ಲ.

ಈಗ ಎಷ್ಟು ವೈನ್ ಅಂತ ನೋಡೋಣ. ಶಾಬ್ಲಿಯ ನಿಯಮದಲ್ಲಿ ಹೆಕ್ಟೇರಿಗೆ 60 ಹೆಕ್ಟೊಲೀಟರ್ ಮಿತಿ. ಅಂದರೆ 6,000 ಲೀಟರ್, ಅಂದರೆ 8,000 ಬಾಟಲಿ. ಇದನ್ನೇ ಅಳತೆಗೋಲು ಮಾಡಿಕೊಂಡರೆ ಐದು ಹೆಕ್ಟೇರಿಗೆ 40,000 ಬಾಟಲಿ. ಈ ಸಂಖ್ಯೆ ನೆನಪಿರಲಿ, ಮತ್ತೆ ಬೇಕಾಗುತ್ತದೆ.

ಕುಟುಂಬಕ್ಕೆ ಎದುರಾಳಿ ಯಾರು ಅನ್ನುವುದನ್ನೂ ನೋಡಬೇಕು. 2002ರಲ್ಲಿ ಅಮೆರಿಕದ ಟ್ರೇಡರ್ ಜೋಸ್ ಅಂಗಡಿಗಳಲ್ಲಿ ಚಾರ್ಲ್ಸ್ ಶಾ ಅನ್ನುವ ಹೆಸರಿನ ವೈನ್ 1.99 ಡಾಲರಿಗೆ ಬಂತು. ಜನ ಪ್ರೀತಿಯಿಂದ "ಎರಡು ಡಾಲರಿನ ಚಕ್" ಅಂದರು. ಬ್ರಾಂಕೊ ಅನ್ನುವ ದೊಡ್ಡ ಕಂಪನಿ ಅದನ್ನು ಮಾಡುತ್ತಿತ್ತು. ಸ್ವಂತದ್ದೇ ಸಾವಿರಾರು ಎಕರೆ, ಯಂತ್ರದ ಕೊಯ್ಲು, ಸಮುದ್ರದಂಥ ಟ್ಯಾಂಕು. ತಮಾಷೆ ಏನೆಂದರೆ 2007ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ಸ್ಪರ್ಧೆಯಲ್ಲಿ ಇದರ 2005ರ ಶಾರ್ಡೊನೆಯೇ ಇಡೀ ರಾಜ್ಯದ ಶಾರ್ಡೊನೆಗಳಲ್ಲಿ ಮೊದಲ ಸ್ಥಾನ ಪಡೆಯಿತು. ಹೆಸರು ಮರೆಮಾಡಿ ರುಚಿ ನೋಡಿದವರು ಆರಿಸಿದ್ದು ಅದನ್ನೇ.

ಅದೇ ಮೇಳದ ಬಗ್ಗೆ ಇನ್ನೊಂದು ಕಥೆ ಇದೆ. ರಾಬರ್ಟ್ ಹಾಡ್ಜ್‌ಸನ್ ಅನ್ನುವ ನಿವೃತ್ತ ಪ್ರಾಧ್ಯಾಪಕರು ತಾವೇ ಒಂದು ಸಣ್ಣ ವೈನರಿ ನಡೆಸುತ್ತಿದ್ದರು. ತಮ್ಮ ಒಂದೇ ವೈನ್ ಒಂದು ಸ್ಪರ್ಧೆಯಲ್ಲಿ ಚಿನ್ನ ಗೆದ್ದು ಇನ್ನೊಂದರಲ್ಲಿ ಏನೂ ಇಲ್ಲದೆ ಬರುವುದು ಅವರಿಗೆ ಒಗಟಾಗಿತ್ತು. 2005ರಿಂದ ಮೇಳದ ತೀರ್ಪುಗಾರರಿಗೇ ಪರೀಕ್ಷೆ ಇಟ್ಟರು. ಒಂದೇ ಬಾಟಲಿಯ ವೈನನ್ನು ಬೇರೆ ವೈನ್‌ಗಳ ನಡುವೆ ಮೂರು ಸಲ ಕೊಟ್ಟರು. 2008ರಲ್ಲಿ ಪ್ರಕಟಿಸಿದ ಫಲಿತಾಂಶ: ಮೂರು ಸಲವೂ ಹೆಚ್ಚುಕಡಿಮೆ ಒಂದೇ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರು. ಹಾಗಾಗಿ ಆ ಮೊದಲ ಸ್ಥಾನದಿಂದ ಏನನ್ನೂ ಸಾಬೀತು ಮಾಡಲು ನಾನು ಹೋಗುವುದಿಲ್ಲ. ಒಂದು ಮಾತ್ರ ಖಚಿತ. ಬೆಲೆಯ ಕುಸ್ತಿಯಲ್ಲಿ ಐದು ಹೆಕ್ಟೇರಿನ ಕುಟುಂಬ ಸಾವಿರಾರು ಎಕರೆಯ ಕಂಪನಿಯನ್ನು ಎಂದೂ ಸೋಲಿಸಲಾರದು. ಕಂಪನಿಗೆ ಬಾಟಲಿ, ಲೇಬಲ್, ಸಾಗಾಟ ಎಲ್ಲವೂ ಸಗಟಿನಲ್ಲಿ ಸಿಗುತ್ತದೆ. ಕುಟುಂಬಕ್ಕೆ ಉಳಿದಿರುವ ದಾರಿ ಒಂದೇ, ದಾರಿಯ ನಡುವೆ ಕೈಚಾಚುವವರನ್ನು ಕಡಿಮೆ ಮಾಡುವುದು.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ. ಅಮೆರಿಕದಲ್ಲಿ ವೈನಿಗೆ ಇಬ್ಬರು ಪೂಜಾರಿಗಳು. 1920ರಿಂದ 1933ರವರೆಗೆ ಅಲ್ಲಿ ಪಾನನಿಷೇಧ ಇತ್ತು. ಅದು ಹೋದ ಮೇಲೆ ಹೆಚ್ಚಿನ ರಾಜ್ಯಗಳು ಮೂರು ಮೆಟ್ಟಿಲಿನ ಪದ್ಧತಿ ಮಾಡಿದವು. ಮಾಡುವವನು ಸಗಟು ವ್ಯಾಪಾರಿಗೆ ಮಾರಬೇಕು, ಅವನು ಅಂಗಡಿಗೆ, ಅಂಗಡಿಯವನು ನಿಮಗೆ. ಒಬ್ಬೊಬ್ಬರೂ ಕಾಲು, ಮೂರನೇ ಒಂದು ಅಂತ ಸೇರಿಸುತ್ತಾ ಬರುತ್ತಾರೆ. ಕೊನೆಗೆ ನೀವು ಕೊಟ್ಟ 100ರಲ್ಲಿ ಬೆಳೆದು ಮಾಡಿದವನಿಗೆ ಸಿಗುವುದು 50ರ ಆಸುಪಾಸು. ಬಳ್ಳಿ, ಚಳಿ, ಟ್ಯಾಂಕು, ಬಾಟಲಿ, ಬಡ್ಡಿ ಎಲ್ಲವೂ ಆ 50ರಲ್ಲಿ ಮುಗಿಯಬೇಕು.

ನೇರವಾಗಿ ಮಾರೋಣ ಅಂದರೆ ಕಾನೂನು ಅಡ್ಡ. ವರ್ಜೀನಿಯಾದ ಮಿಡಲ್‌ಬರ್ಗ್‌ನಲ್ಲಿ ಜುವಾನಿಟಾ ಸ್ವೀಡನ್‌ಬರ್ಗ್ ಅನ್ನುವ ಹೆಂಗಸು ಗಂಡನ ಜೊತೆ ಸಣ್ಣ ತೋಟ ನಡೆಸುತ್ತಿದ್ದರು. ತೋಟಕ್ಕೆ ಬಂದು ರುಚಿ ನೋಡಿದವರು ಊರಿಗೆ ಹೋದ ಮೇಲೆ ಮತ್ತೆ ಬೇಕು ಅಂದರೆ ಕಳಿಸುವಂತಿರಲಿಲ್ಲ. ನ್ಯೂಯಾರ್ಕ್ ರಾಜ್ಯ ತನ್ನ ಒಳಗಿನ ವೈನರಿಗಳಿಗೆ ನೇರ ಮಾರಾಟಕ್ಕೆ ಬಿಟ್ಟಿತ್ತು. ಹೊರಗಿನವರು ಅಲ್ಲಿ ಕಚೇರಿ ತೆರೆಯಬೇಕಾಗಿತ್ತು. ಮಿಶಿಗನ್ ರಾಜ್ಯದ್ದೂ ಇಂಥದೇ ತಾರತಮ್ಯ. ಈ ಹೆಂಗಸು ಸುಮ್ಮನೆ ಕೂರಲಿಲ್ಲ, ಕೋರ್ಟಿಗೆ ಹೋದರು. 2005ರ ಮೇ 16ರಂದು ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ನಾಲ್ಕರ ಬಹುಮತದಲ್ಲಿ ತೀರ್ಪು ಕೊಟ್ಟಿತು: ನಿಮ್ಮ ರಾಜ್ಯದ ವೈನರಿಗೆ ಬಿಟ್ಟರೆ ಹೊರಗಿನ ವೈನರಿಗೂ ಬಿಡಿ. ಎಲ್ಲರಿಗೂ ಬಾಗಿಲು ಮುಚ್ಚುವ ದಾರಿಯೂ ರಾಜ್ಯಗಳಿಗಿತ್ತು. ಆದರೆ ಹೆಚ್ಚಿನವು ತೆರೆಯುವುದನ್ನೇ ಆರಿಸಿಕೊಂಡವು. ತೀರ್ಪು ಬಂದ ಎರಡು ವರ್ಷಕ್ಕೆ, 2007ರಲ್ಲಿ, ಆಕೆ ತೀರಿಕೊಂಡರು. ಇವತ್ತು ಅಮೆರಿಕದ ಸಣ್ಣ ವೈನರಿಗಳು ಬದುಕಿರುವುದರಲ್ಲಿ ಆಕೆಯ ಹಟದ ಪಾಲೂ ಇದೆ.

ಇದು ಹೊಸ ಜಗಳ ಅಂದುಕೊಳ್ಳಬೇಡಿ. 1784ರ ಆಗಸ್ಟ್ 17ರಂದು ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಯೋಸೆಫ್ ಒಂದು ಆಜ್ಞೆ ಹೊರಡಿಸಿದ. ಬೆಳೆಗಾರ ತಾನು ಬೆಳೆದ ವೈನನ್ನು ತನ್ನ ಮನೆಯಲ್ಲೇ, ತಾನು ಹೇಳಿದ ಬೆಲೆಗೆ ಮಾರಬಹುದು ಅಂತ. ವಿಯೆನ್ನಾ ಸುತ್ತಲಿನ ತೋಟದ ಮನೆಗಳಲ್ಲಿ ಇವತ್ತಿಗೂ ಆ ಪದ್ಧತಿ ಇದೆ. ಬಾಗಿಲಿಗೆ ಹಸಿರು ಟೊಂಗೆ ಕಟ್ಟಿದ್ದರೆ ವೈನ್ ಇದೆ ಅಂತ ಅರ್ಥ. ಜರ್ಮನಿಯಲ್ಲೂ ಇಂಥ ಮನೆಗಳಿವೆ. ಅಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಮಾತ್ರ, 40 ಕುರ್ಚಿ ಮಾತ್ರ. ಅದರೊಳಗಿದ್ದರೆ ಹೋಟೆಲಿನ ಪರವಾನಗಿ ಬೇಡ.

ಇಲ್ಲಿವರೆಗೆ ಕಥೆ ಚೆನ್ನಾಗಿದೆ. ಪೂಜಾರಿಗಳು ಹೋದರು, 50ರ ಬದಲು 100 ಪೂರ್ತಿ ಮನೆಗೆ ಬಂತು. ಅದರಲ್ಲಿ ಸ್ವಲ್ಪ ಗಿರಾಕಿಗೆ ಬಿಟ್ಟರೆ ಇಬ್ಬರಿಗೂ ಲಾಭ. ಹೌದೇ?

ನಲವತ್ತು ಸಾವಿರ ಬಾಟಲಿ ಅಂದೆನಲ್ಲ, ಈಗ ಅದನ್ನು ತೆಗೆಯಿರಿ. ಒಂದು ಮನೆಯವರು ವರ್ಷಕ್ಕೆ 12 ಬಾಟಲಿ ಕೊಳ್ಳುತ್ತಾರೆ ಅಂದುಕೊಳ್ಳಿ. ಹಾಗಾದರೆ ಈ ಕುಟುಂಬಕ್ಕೆ 3,300ಕ್ಕೂ ಹೆಚ್ಚು ಮನೆಗಳ ಗಿರಾಕಿ ಬೇಕು. ಪ್ರತಿ ವರ್ಷ. ಸಗಟು ವ್ಯಾಪಾರಿ ಇದ್ದಾಗ ಅವರು ಮೂರು ನಾಲ್ಕು ಜನರ ಜೊತೆ ಮಾತಾಡಿದರೆ ಸಾಕಾಗಿತ್ತು. ಈಗ ಮೂರು ಸಾವಿರ ಮನೆಗಳ ವಿಳಾಸ, ಹಣ, ಒಡೆದ ಬಾಟಲಿ, "ಕಳೆದ ವರ್ಷದ್ದೇ ಚೆನ್ನಾಗಿತ್ತು" ಅನ್ನುವ ದೂರು, ಎಲ್ಲವೂ ಇವರದೇ. ದಲ್ಲಾಳಿ ಹೋದರೂ ದಲ್ಲಾಳಿಯ ಕೆಲಸ ಹೋಗುವುದಿಲ್ಲ. ಅದು ಎದ್ದು ಬಂದು ಮನೆಯ ಅಡುಗೆಮನೆಯ ಮೇಜಿನ ಮೇಲೆ ಕೂರುತ್ತದೆ.

ಒಮ್ಮೆ ಮಾಕೋನ್ ಕಡೆಯ ಒಂದು ತೋಟದ ಮನೆಗೆ ನಾಲ್ಕು ಜನ ಹೋಗಿದ್ದೆವು. ಗಂಟೆ ಬಾರಿಸಿದೆವು. ಐದು ನಿಮಿಷ ಬಿಟ್ಟು ಮನೆಯಾಕೆ ತೋಟದಿಂದಲೇ ಬಂದರು. ಬೂಟಿಗೆ ಮಣ್ಣು, ಜೇಬಿನಲ್ಲಿ ಚಾಟ್ನಿ ಕತ್ತರಿ. ಕೈ ತೊಳೆದುಕೊಂಡು ನಾಲ್ಕು ಬಗೆಯ ವೈನ್ ಸುರಿದರು, ಪ್ರತಿಯೊಂದರ ಬಗ್ಗೆ ಹೇಳಿದರು, ನಮ್ಮ ದಡ್ಡ ಪ್ರಶ್ನೆಗಳಿಗೆಲ್ಲ ಉತ್ತರ ಕೊಟ್ಟರು. ಮುಕ್ಕಾಲು ಗಂಟೆ ಆಯಿತು. ನಾವು ಕೊಂಡದ್ದು ಮೂರು ಬಾಟಲಿ. ಹೊರಗೆ ಬಂದ ಮೇಲೆ ನನ್ನ ತಲೆಯಲ್ಲಿ ಲೆಕ್ಕ ಓಡತೊಡಗಿತು. ಸುರಿದ ವೈನು, ತೊಳೆಯಬೇಕಾದ 16 ಗ್ಲಾಸು, ಅರ್ಧಕ್ಕೆ ಬಿಟ್ಟು ಬಂದ ಸಾಲು. ಆ ಮುಕ್ಕಾಲು ಗಂಟೆಗೆ ಆಕೆ ಸಂಬಳ ಬರೆದುಕೊಂಡಿದ್ದರೆ ನಾವು ನಷ್ಟದ ಗಿರಾಕಿಗಳು. ಆಕೆ ಬರೆದುಕೊಳ್ಳುವುದಿಲ್ಲ, ಅಷ್ಟೇ.

ನಾನು ಹೇಳಬೇಕೆಂದಿದ್ದ ಉಳಿದರ್ಧ ಇದೇ. ಕುಟುಂಬದ ತೋಟದ ವೈನ್ ಅಗ್ಗವಾಗಿದ್ದರೆ, ಬಹಳ ಸಲ ಅದಕ್ಕೆ ಕಾರಣ ಮನೆಯವರ ಕೂಲಿ ಲೆಕ್ಕದಲ್ಲಿ ಇಲ್ಲದಿರುವುದು. ಅಪ್ಪ ರಾತ್ರಿ ಟ್ಯಾಂಕು ಕಾಯುತ್ತಾನೆ. ಸೊಸೆ ಲೇಬಲ್ ಅಂಟಿಸುತ್ತಾಳೆ. ಅಜ್ಜಿ ಫೋನಿಗೆ ಉತ್ತರ ಕೊಡುತ್ತಾಳೆ. ಯಾರಿಗೂ ಸಂಬಳ ಇಲ್ಲ, "ನಮ್ಮದೇ ಅಲ್ವಾ" ಅನ್ನುವ ಸಮಾಧಾನ. ನನ್ನ ಮುಂದೆ ಇಂಥ ಪುಸ್ತಕ ತಂದಿಟ್ಟರೆ ನಾನು ಮೊದಲು ಸೇರಿಸುವುದು ಒಂದು ಸಾಲು: ಮನೆಯವರ ಕೂಲಿ. ಅದನ್ನು ಸೇರಿಸಿದ ಮೇಲೂ ಬೆಲೆ ನಿಲ್ಲುತ್ತದೆ ಅಂದರೆ ಅದು ನಿಜವಾಗಿ ಅಗ್ಗದ ವೈನ್. ನಿಲ್ಲದಿದ್ದರೆ ಮುಂದಿನ ತಲೆಮಾರಿನಲ್ಲಿ ಮಗಳು ಪಟ್ಟಣದಲ್ಲಿ ಕೆಲಸಕ್ಕೆ ಸೇರಿದ ದಿನ ಆ ಅಗ್ಗದ ಬೆಲೆ ಉಳಿಯುವುದಿಲ್ಲ. ಆಕೆಯನ್ನು ಬಯ್ಯಬೇಡಿ. ಆಕೆಗೆ ಲೆಕ್ಕ ಬರುತ್ತದೆ.

ಇನ್ನೊಂದು ಸಿಕ್ಕು. ನಲವತ್ತು ಸಾವಿರವನ್ನೂ ನೇರವಾಗಿ ಮಾರಲು ಆಗದ ಕುಟುಂಬ ಒಂದಿಷ್ಟನ್ನು ಅಂಗಡಿಗಳಿಗೂ ಕೊಡುತ್ತದೆ. ಆಗ ತೋಟದ ಬಾಗಿಲಲ್ಲಿ ಅಂಗಡಿಗಿಂತ ಕಡಿಮೆ ಬೆಲೆ ಇಟ್ಟರೆ ಅಂಗಡಿಯವನು ಸಿಟ್ಟಾಗಿ ಮುಂದಿನ ವರ್ಷ ಕೊಳ್ಳುವುದೇ ಇಲ್ಲ. ಹಾಗಾಗಿ ಎಷ್ಟೋ ತೋಟಗಳಲ್ಲಿ ಬಾಗಿಲ ಬೆಲೆ ಅಂಗಡಿಯ ಬೆಲೆಯಷ್ಟೇ ಇರುತ್ತದೆ. ಗಿರಾಕಿ "ಇಷ್ಟು ದೂರ ಬಂದೆವು, ಒಂದು ಪೈಸೆ ಕಡಿಮೆ ಇಲ್ಲ" ಅಂತ ಗೊಣಗುತ್ತಾನೆ. ಇದಕ್ಕೆ ಜಾಣರು ಮಾಡುವ ಉಪಾಯ ಎಂದರೆ ಅಂಗಡಿಗೆ ಒಂದು ಲೇಬಲ್, ಬಾಗಿಲಿಗೆ ಇನ್ನೊಂದು. ಇಲ್ಲವೇ ವರ್ಷಕ್ಕೆ ಇಷ್ಟು ಬಾಟಲಿ ಕೊಳ್ಳುತ್ತೇನೆ ಅಂತ ಮೊದಲೇ ಹೆಸರು ಬರೆಸಿದವರಿಗೆ ಮಾತ್ರ ರಿಯಾಯಿತಿ. ವೈನ್ ಕ್ಲಬ್ ಅನ್ನುತ್ತಾರಲ್ಲ, ಅದು. ಲೆಕ್ಕದವನಾಗಿ ನನಗೆ ಕ್ಲಬ್ ಇಷ್ಟ. ಬಳ್ಳಿ ಚಿಗುರುವ ಮೊದಲೇ ಎಷ್ಟು ಮಾರಾಟವಾಗುತ್ತದೆ ಅಂತ ಗೊತ್ತಿರುತ್ತದೆ.

ಸಾಗಾಟದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹನ್ನೆರಡು ಬಾಟಲಿಯಲ್ಲಿ ವೈನ್ ಇರುವುದು 9 ಕೆಜಿ. ಬಾಟಲಿ ಒಂದಕ್ಕೆ 500 ಗ್ರಾಂ ಗಾಜು ಅಂದರೆ ಇನ್ನೂ 6 ಕೆಜಿ. ಗತ್ತಿಗೆಂದು 900 ಗ್ರಾಮಿನ ದಪ್ಪ ಬಾಟಲಿ ಆರಿಸಿದರೆ ಗಾಜೇ 11 ಕೆಜಿ, ವೈನಿಗಿಂತ ಜಾಸ್ತಿ. ಗಿರಾಕಿ ಗಾಜಿನ ಬಾಡಿಗೆ ಕೊಟ್ಟಂತೆ. ಅಮೆರಿಕದಲ್ಲಿ ಪೆಟ್ಟಿಗೆ ಕೊಡುವಾಗ ವಯಸ್ಕರೊಬ್ಬರ ಸಹಿ ಬೇಕು. ಮನೆಯಲ್ಲಿ ಯಾರೂ ಇಲ್ಲದಿದ್ದರೆ ಪೆಟ್ಟಿಗೆ ಬಿಸಿಲಿನ ಲಾರಿಯಲ್ಲಿ ಮತ್ತೊಂದು ದಿನ ತಿರುಗುತ್ತದೆ. ಅದಕ್ಕೇ ಬಹಳ ತೋಟದವರು ಕಡು ಬೇಸಿಗೆಯಲ್ಲಿ ಕಳಿಸುವುದೇ ಇಲ್ಲ.

ಇದಕ್ಕೆ ಒಳ್ಳೆಯ ಪರಿಹಾರ ಕಂಡುಹಿಡಿದದ್ದೂ ಒಂದು ಕುಟುಂಬವೇ. ದಕ್ಷಿಣ ಆಸ್ಟ್ರೇಲಿಯಾದ ಥಾಮಸ್ ಆಂಗೋವ್ 1965ರಲ್ಲಿ ಡಬ್ಬಿಯೊಳಗಿನ ಚೀಲಕ್ಕೆ ಪೇಟೆಂಟ್ ಪಡೆದರು. ಈಗಿನ 3 ಲೀಟರಿನ ಡಬ್ಬಿ ಅಂದರೆ ನಾಲ್ಕು ಬಾಟಲಿ. ಎರಡು ಕೆಜಿ ಗಾಜಿನ ಬದಲು ಕಾಲು ಕೆಜಿಗೂ ಕಡಿಮೆ ರಟ್ಟು ಮತ್ತು ಪ್ಲಾಸ್ಟಿಕ್. ವೈನ್ ಸುರಿದಂತೆ ಚೀಲ ಕುಗ್ಗುತ್ತದೆ, ಗಾಳಿ ಒಳಗೆ ಹೋಗುವುದಿಲ್ಲ. ತೆರೆದ ಮೇಲೆ ಒಂದು ತಿಂಗಳು ಆರಾಮಾಗಿ ಇರುತ್ತದೆ. ಟ್ಯಾಂಕಿನ ಶಾರ್ಡೊನೆಗೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಗೊತ್ತಿಲ್ಲ. ಆದರೂ ಜನ ಉಡುಗೊರೆಗೆ ಡಬ್ಬಿ ಒಯ್ಯುವುದಿಲ್ಲ. ಅದೊಂದೇ ಅದರ ದೋಷ.

ನನ್ನ ಮಾತು ಮುಗಿಯಿತು. ಪ್ರಶ್ನೆಗಳು?

ಮುಂದಿನ ಸಾಲಿನಿಂದ ಒಬ್ಬರು ಕೇಳಿದರು, ಇಂಥ ತೋಟದಿಂದ ತಂದ ಬಾಟಲಿಯ ತಳದಲ್ಲಿ ಗಾಜಿನ ಪುಡಿಯಂಥದು ಇತ್ತು, ಅದೇನು ಅಂತ. ಅದು ಗಾಜಲ್ಲ, ಹೆದರಬೇಡಿ. ದ್ರಾಕ್ಷಿಯಲ್ಲೇ ಇರುವ ಟಾರ್ಟಾರಿಕ್ ಆಮ್ಲದ ಹರಳು. ತಣ್ಣಗಾದಾಗ ತಳಕ್ಕೆ ಕೂರುತ್ತದೆ. ದೊಡ್ಡ ಕಂಪನಿಗಳು ಬಾಟಲಿ ತುಂಬುವ ಮೊದಲೇ ಇಡೀ ಟ್ಯಾಂಕನ್ನು ಸೊನ್ನೆಗಿಂತ ಕೆಳಗೆ ತಂಪು ಮಾಡಿ ಆ ಹರಳನ್ನು ಟ್ಯಾಂಕಿನಲ್ಲೇ ಬೀಳಿಸುತ್ತವೆ. ಅದಕ್ಕೆ ವಿದ್ಯುತ್ ಬಹಳ ಬೇಕು. ಸಣ್ಣ ಕುಟುಂಬ ಆ ಖರ್ಚು ಬಿಟ್ಟಿರಬಹುದು. ಕೊನೆಯ ಗುಟುಕು ಬಿಟ್ಟು ಸುರಿಯಿರಿ, ಅಷ್ಟೇ.

ಇನ್ನೊಬ್ಬರ ಪ್ರಶ್ನೆ, ತೋಟ ದೊಡ್ಡದು ಮಾಡಿದರೆ ಬೆಲೆ ಇನ್ನೂ ಇಳಿಯುವುದಿಲ್ಲವೇ? ಸ್ವಲ್ಪ ದೂರದವರೆಗೆ ಇಳಿಯುತ್ತದೆ. ಆಮೇಲೆ ಮನೆಯವರ ಕೈ ಸಾಲದೆ ಸಂಬಳದ ಆಳು ಬರುತ್ತಾರೆ. ನೇರ ಗಿರಾಕಿ ಸಾಲದೆ ಸಗಟು ವ್ಯಾಪಾರಿ ಬರುತ್ತಾನೆ. ಕಂಪನಿಯಷ್ಟು ದೊಡ್ಡದೂ ಅಲ್ಲ, ಮನೆಯಷ್ಟು ಸಣ್ಣದೂ ಅಲ್ಲ ಅನ್ನುವ ನಡುವಿನ ಗಾತ್ರವೇ ಎಲ್ಲಕ್ಕಿಂತ ಕಷ್ಟದ್ದು. ಅಲ್ಲಿ ಸಿಕ್ಕಿಕೊಂಡವರು ಹಿಂದಕ್ಕೂ ಬರಲಾರರು, ಮುಂದಕ್ಕೂ ಹೋಗಲಾರರು.

ಹಿಂದಿನಿಂದ ಒಬ್ಬ ಹುಡುಗಿ ಕೇಳಿದಳು, "ಸರ್, ಲೆಕ್ಕ ಎಲ್ಲ ಬಿಡಿ, ನಿಮಗೆ ಯಾವುದು ಇಷ್ಟ?" ಟ್ಯಾಂಕಿನದು, ಮರ ಮುಟ್ಟದ್ದು, ಎರಡು ವರ್ಷದೊಳಗಿನದು. ಇಟ್ಟುಕೊಂಡು ಕಾಯುವಂಥದ್ದಲ್ಲ ಅದು. ಫ್ರಿಜ್‌ನಿಂದ ತೆಗೆದ ತಕ್ಷಣ ಕುಡಿದರೆ ಬರೀ ತಣ್ಣನೆಯ ಹುಳಿ ಸಿಗುತ್ತದೆ. ಕಾಲು ಗಂಟೆ ಹೊರಗಿಟ್ಟು ಆಮೇಲೆ ಸುರಿಯಿರಿ.